ದೀಪವೂ ಬೇಕು, ದೂರದ ದನಿಯೂ ಬೇಕು: ಮೈಸೂರಿನ ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ರಸ್ತೆ, ನೀರು, ಚರಂಡಿ ಅಂತ ದಿನಾ ಎಷ್ಟೋ ಜನ ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ನಾನು ಬರೆಯುತ್ತಿರುವುದು ರೇಡಿಯೋ ಬಗ್ಗೆ, ಅದರಲ್ಲೂ ಸಾವಿರಾರು ಕಿಲೋಮೀಟರ್ ದೂರದ ದನಿ ತರುವ ಶಾರ್ಟ್‌ವೇವ್ ಬಗ್ಗೆ. ಇದೇನಿದು ಅಂತ ಪಕ್ಕಕ್ಕೆ ಇಡಬೇಡಿ. ಹೊಸ ಕಟ್ಟಡ ಕೇಳುತ್ತಿಲ್ಲ, ಅನುದಾನ ಕೇಳುತ್ತಿಲ್ಲ. ಮುಂದಿನ ಸಲ ನಮ್ಮ ಕ್ಷೇತ್ರಕ್ಕೆ ಬೀದಿ ದೀಪ ತರಿಸುವಾಗ, ರೇಡಿಯೋಗೆ ಗದ್ದಲ ಮಾಡದ ದೀಪವೇ ಬೇಕು ಅಂತ ಟೆಂಡರ್‌ನಲ್ಲಿ ಒಂದು ಸಾಲು ಸೇರಿಸಿ ಅಂತ ಕೇಳಲು ಈ ಪತ್ರ.

ನಾನು ಹೈಸ್ಕೂಲಿನಲ್ಲಿ 30 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಚಾಮುಂಡಿ ಬೆಟ್ಟದ ದೀಪ ಕಾಣುವ ಬಡಾವಣೆಯಲ್ಲಿ ಮನೆ. ರಾತ್ರಿ ಊಟ ಮುಗಿಸಿ ತಾರಸಿಗೆ ಹೋಗಿ ರೇಡಿಯೋ ತಿರುಗಿಸುತ್ತಾ ಕೂರುವುದು ಬಹಳ ವರ್ಷದ ಅಭ್ಯಾಸ. ಇದು ಅಪ್ಪನಿಂದ ಬಂದದ್ದು. ಅಪ್ಪನ ಹತ್ತಿರ ಒಂದು ಮರ್ಫಿ ವಾಲ್ವ್ ರೇಡಿಯೋ ಇತ್ತು. ಹಾಕಿದ ಮೇಲೆ ಬಿಸಿಯಾಗಿ ಮಾತಾಡಲು ಅರ್ಧ ನಿಮಿಷ ಬೇಕು. ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ರೇಡಿಯೋ ಅಲೆ ಹಿಡಿಯಲು ತಾಮ್ರದ ಜಾಲರಿ ಏರಿಯಲ್ ಕಟ್ಟಿದ್ದರು. ಬುಧವಾರ ರಾತ್ರಿ 8 ಗಂಟೆಗೆ ಸಿಲೋನ್ ಸ್ಟೇಷನ್‌ನಿಂದ ಬಿನಾಕಾ ಗೀತ್‌ಮಾಲಾ ಬರುತ್ತಿತ್ತು. ದನಿ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಹೋಗುತ್ತಿತ್ತು. ಯಾಕೆ ಹೀಗೆ ತೂಗಾಡುತ್ತದೆ ಅಂತ ಅಪ್ಪನನ್ನು ಕೇಳಿದ್ದೆ. ಆ ಪ್ರಶ್ನೆಯೇ ಮುಂದೆ ನನ್ನನ್ನು ಭೌತಶಾಸ್ತ್ರದ ಕಡೆಗೆ ಎಳೆದುಕೊಂಡು ಹೋಯಿತು.

ಈಗ ನನ್ನ ಹತ್ತಿರ ಇರುವುದು ಅಂಗೈ ಅಗಲದ ಬ್ಯಾಟರಿ ರೇಡಿಯೋ. ಅದಕ್ಕೆ ಏರಿಯಲ್ ನಾನೇ ಮಾಡಿದ್ದು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ಎನಾಮಲ್ ಬಳಿದ ತಾಮ್ರದ ತಂತಿ, 12 ಮೀಟರ್. ಒಂದು ತುದಿ ತಾರಸಿಯ ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ, ಇನ್ನೊಂದು ಹಿತ್ತಲಿನ ತೆಂಗಿನ ಮರಕ್ಕೆ. ಎರಡೂ ಕಡೆ ನೈಲಾನ್ ಹಗ್ಗ, ನಡುವೆ ಪಿವಿಸಿ ಪೈಪಿನ ತುಂಡು. ಗಾಳಿಗೆ ಮರ ತೂಗುತ್ತದಲ್ವಾ, ಅದಕ್ಕೆ ತಂತಿಯನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಜೋಲು ಬಿಟ್ಟಿದ್ದೇನೆ. ಕೆಳಗಿಳಿದ ತುದಿಯನ್ನು ರೇಡಿಯೋದ ಕಡ್ಡಿಗೆ ಕ್ಲಿಪ್ಪಿನಲ್ಲಿ ಕಚ್ಚಿಸಿದರೆ ಆಯಿತು. ತಂತಿ ತೀರಾ ಉದ್ದ ಆದರೂ ಕಷ್ಟ. ಚಿಕ್ಕ ರೇಡಿಯೋಗೆ ಹೊಟ್ಟೆ ಭಾರವಾಗಿ ಸ್ಟೇಷನ್‌ಗಳು ಒಂದರ ಮೇಲೊಂದು ಬೀಳುತ್ತವೆ. ಭರಣಿ ಮಳೆಯ ಗುಡುಗು ಶುರುವಾದರೆ ತಂತಿ ಕಳಚಿ ಹೊರಗೆ ಹಾಕುತ್ತೇನೆ. ಕರೆಂಟ್ ಲೈನಿನ ಹತ್ತಿರ ಇಂಥ ತಂತಿ ಎಳೆಯಲೇಬಾರದು, ಇದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಜಾಗ ಇದ್ದವರು ಇನ್ನೂ ಚೆನ್ನಾಗಿ ಮಾಡಬಹುದು. 143ನ್ನು ಸ್ಟೇಷನ್ನಿನ ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅರ್ಧ ಅಲೆಯ ಏರಿಯಲ್‌ನ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. ರಾತ್ರಿ ಹೊತ್ತು ತುಂಬಿರುವ 31 ಮೀಟರ್ ಬ್ಯಾಂಡಿಗೆ, ಅಂದರೆ 9.5 ಮೆಗಾಹರ್ಟ್ಸ್ ಆಸುಪಾಸಿಗೆ, ಸುಮಾರು 15 ಮೀಟರ್. ಅದನ್ನು ನಡುವೆ ಕತ್ತರಿಸಿ ಎರಡು ರೆಕ್ಕೆ ಮಾಡಿದರೆ ಡೈಪೋಲ್. ಒಂಬತ್ತನೇ ತರಗತಿಯ ಮಕ್ಕಳು ಮಾಡುವ ಲೆಕ್ಕ.

ಈಗ ತೊಂದರೆಗೆ ಬರುತ್ತೇನೆ. ಹೋದ ವರ್ಷ ನಮ್ಮ ಬೀದಿಗೆ ಹೊಸ ಎಲ್‌ಇಡಿ ದೀಪ ಬಂದವು. ಬೆಳಕು ಚೆನ್ನಾಗಿದೆ. ರಾತ್ರಿ ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಧೈರ್ಯ ಬಂದಿದೆ. ಆದರೆ ಮೊದಲ ದಿನವೇ, ದೀಪ ಹತ್ತಿದ ಗಳಿಗೆಗೆ, ನನ್ನ ರೇಡಿಯೋದಲ್ಲಿ ‘ಜೊಂಯ್’ ಅಂತ ಒಂದೇ ಸಮನೆ ಸದ್ದು ಎದ್ದಿತು. ಗುಂಡಿಯನ್ನು ಎಲ್ಲಿಗೆ ತಿರುಗಿಸಿದರೂ ಅದೇ.

ಸುಮ್ನೆ ದೀಪದ ಮೇಲೆ ಗೂಬೆ ಕೂರಿಸಬಾರದು ಅಂತ ಮೊದಲು ನನ್ನ ಮನೆಯನ್ನೇ ಹುಡುಕಿದೆ. ಮೇನ್ ಸ್ವಿಚ್ ಆಫ್ ಮಾಡಿ ಬ್ಯಾಟರಿಯಲ್ಲಿ ಕೇಳಿದೆ. ಸದ್ದು ಸ್ವಲ್ಪ ಇಳಿಯಿತು. ಒಂದು ಹಳೆಯ ಫೋನ್ ಚಾರ್ಜರ್ ಕೂಡ ಗಲಾಟೆ ಮಾಡುತ್ತಿತ್ತು, ಅದನ್ನು ಎಸೆದೆ. ಟಿವಿಯ ವೈರಿಗೆ ಇಂಥ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿದೆ. ಆದರೂ ದೊಡ್ಡ ಸದ್ದು ಹೋಗಲಿಲ್ಲ. ಒಂದು ರಾತ್ರಿ 8 ಗಂಟೆ ಹೊತ್ತಿಗೆ ಇಡೀ ಬೀದಿಗೆ ಕರೆಂಟ್ ಹೋಯಿತು. ಎಲ್ಲರೂ ಅಯ್ಯೋ ಅಂದರು. ನಾನು ತಾರಸಿಗೆ ಓಡಿದೆ. ಜೊಂಯ್ ಸದ್ದು ಪೂರ್ತಿ ನಿಂತಿತ್ತು! ಬೀಜಿಂಗ್‌ನ ಇಂಗ್ಲಿಷ್ ಸುದ್ದಿ, ಯಾವುದೋ ಅರಬ್ಬಿ ಹಾಡು, ಗೊತ್ತಿಲ್ಲದ ಭಾಷೆಯಲ್ಲಿ ಯಾರದೋ ನಗು, ಎಲ್ಲ ಒಟ್ಟಿಗೆ ಬಂದವು. 20 ನಿಮಿಷ ಕೇಳಿದೆ. ಕರೆಂಟ್ ಬಂತು, ದೀಪ ಹತ್ತಿತು, ಎಲ್ಲ ಮುಳುಗಿತು. ಆವತ್ತು ನನಗೆ ಅಳು ಬಂದಿತ್ತು.

ಮಾರನೇ ದಿನ ರೇಡಿಯೋ ಹಿಡಿದು ಕಂಬದಿಂದ ಕಂಬಕ್ಕೆ ನಡೆದೆ. ನಮ್ಮ ಬೀದಿಯಲ್ಲಿ ಎಂಟು ಕಂಬ. ಆರರ ಕೆಳಗೆ ಹೆಚ್ಚೇನೂ ಇಲ್ಲ. ಎರಡರ ಕೆಳಗೆ ನಿಂತರೆ ಕಿವಿ ಕಿತ್ತುಹೋಗುವಷ್ಟು. ಸ್ವಾಮಿ, ದಯವಿಟ್ಟು ಇದನ್ನು ಗಮನಿಸಿ. ಎಲ್‌ಇಡಿ ದೀಪ ಅಂದ ಮಾತ್ರಕ್ಕೆ ಸದ್ದು ಮಾಡಲೇಬೇಕು ಅಂತ ಏನೂ ಇಲ್ಲ. ಒಳಗಿರುವ, ಡ್ರೈವರ್ ಅನ್ನುವ ಸರ್ಕ್ಯೂಟ್ 230 ವೋಲ್ಟ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡಿ ದೀಪಕ್ಕೆ ಬೇಕಾದಷ್ಟು ಕೊಡುತ್ತದೆ. ಆ ಆನ್-ಆಫ್‌ನ ಸದ್ದು ಹೊರಗೆ ಹೋಗದಂತೆ ತಡೆಯಲು ಒಂದು ಚೋಕ್ ಸುರುಳಿ, ಒಂದೆರಡು ಕೆಪಾಸಿಟರ್ ಬೇಕು. ಕಾಸು ಉಳಿಸಲು ಅದನ್ನು ಬಿಟ್ಟರೆ ಸದ್ದು ವೈರಿಗೆ ಇಳಿಯುತ್ತದೆ. ಕಂಬದಿಂದ ಕಂಬಕ್ಕೆ ಹೋಗುವ ಆ ವೈರೇ ಉದ್ದನೆಯ ಏರಿಯಲ್ ಆಗಿ ಅದನ್ನು ಬೀದಿಗೆಲ್ಲ ಹಂಚುತ್ತದೆ.

ನನ್ನ ನೋಟ್ ಪುಸ್ತಕವೂ ಇದನ್ನೇ ಹೇಳುತ್ತದೆ. ಶಾರ್ಟ್‌ವೇವ್ ಕೇಳುವವರು ಸ್ಟೇಷನ್‌ಗೆ ಸಿನ್‌ಪೋ ಅಂತ ಐದು ಅಂಕಿ ಕೊಡುತ್ತಾರೆ: ಸಿಗ್ನಲ್‌ನ ಬಲ, ಬೇರೆ ಸ್ಟೇಷನ್ನಿನ ಕಾಟ, ಗದ್ದಲ, ಏರಿಳಿತ, ಒಟ್ಟಾರೆ. 5 ಬಂದರೆ ಬಹಳ ಚೆನ್ನಾಗಿದೆ, 1 ಬಂದರೆ ಕೇಳಲಾಗದು. ದೀಪ ಬರುವ ಮೊದಲು ಒಂದು ಸ್ಟೇಷನ್‌ಗೆ 44434 ಬರೆದಿದ್ದೆ. ಆಮೇಲೆ ಅದೇ ಸ್ಟೇಷನ್, ಅದೇ ಹೊತ್ತು: 44131. ಸಿಗ್ನಲ್ ಅಷ್ಟೇ ಬಲವಾಗಿ ನಮ್ಮ ಮನೆ ಮೇಲೆ ಬಂದು ಬೀಳುತ್ತಿದೆ. ಕೆಟ್ಟದ್ದು ನಡುವಿನ ಅಂಕಿ, ಗದ್ದಲದ್ದು. ಅದರಿಂದಲೇ ಕೊನೆಯ ಒಟ್ಟಾರೆ ಅಂಕಿಯೂ ಬಿತ್ತು. ತಂತಿಯನ್ನು ವೃತ್ತವಾಗಿ ಸುತ್ತಿ ಲೂಪ್ ಏರಿಯಲ್ ಮಾಡಿ ನೋಡಿದೆ. ಅದನ್ನು ತಿರುಗಿಸಿದರೆ ಒಂದು ದಿಕ್ಕಿನ ಸದ್ದು ಇಳಿಯುತ್ತದೆ. ಎರಡು ಕಂಬ ಎರಡು ದಿಕ್ಕಿಗೆ ಇದ್ದಾಗ ಏನು ಮಾಡಲಿ?

ಈ ದೂರು ತೆಗೆದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಕೇಳಿದ: ‘ಎಲ್ಲಾ ಮೊಬೈಲ್‌ನಲ್ಲೇ ಬರುತ್ತಲ್ವಾ ಮೇಡಂ?’

ನಿಮಗೂ ಹಾಗೇ ಅನ್ನಿಸಬಹುದು. ಅದಕ್ಕೆ ಉತ್ತರ ಹೇಳುತ್ತೇನೆ. ಇಂಟರ್‌ನೆಟ್ ನನಗೆ ಶತ್ರು ಅಲ್ಲ. ಯಾವ ಸ್ಟೇಷನ್ ಎಷ್ಟು ಹೊತ್ತಿಗೆ ಯಾವ ಮೀಟರಿನಲ್ಲಿ ಬರುತ್ತದೆ ಅಂತ ನಾನು ಇಂಟರ್‌ನೆಟ್‌ನಲ್ಲೇ ನೋಡುವುದು. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ತಮ್ಮ ಏರಿಯಲ್ ಅನ್ನೇ ಇಂಟರ್‌ನೆಟ್‌ಗೆ ಜೋಡಿಸಿದ್ದಾರೆ. ಇಲ್ಲಿ ಕೂತು ಅಲ್ಲಿನ ಗುಂಡಿ ತಿರುಗಿಸಬಹುದು. ಬಹಳ ಒಳ್ಳೆಯ ಕೆಲಸ. ಆದರೆ ಅದರಲ್ಲಿ ಕೇಳಿಸುವುದು ಅವರ ಊರಿನ ಆಕಾಶ. ಮೈಸೂರಿನ ಮೇಲೆ ಇವತ್ತು ಏನು ಬಂದು ಬೀಳುತ್ತಿದೆ ಅಂತ ತಿಳಿಯಲು ತಂತಿ ಮೈಸೂರಿನಲ್ಲೇ ಇರಬೇಕು. ಪಕ್ಕದೂರಿನವರು ಫೋನ್ ಮಾಡಿ ಮಳೆ ಬರ್ತಿದೆ ಅಂದರೆ ನಮ್ಮ ಅಂಗಳದ ಬಟ್ಟೆ ನೆನೆಯುತ್ತದೆಯೇ?

2024ರ ಮೇ 10ರ ಮಧ್ಯಾಹ್ನ ಪಕ್ಕದ ಮನೆಯ ಇಬ್ಬರು ಮಕ್ಕಳು ನನ್ನ ಜೊತೆ ತಾರಸಿಯಲ್ಲಿದ್ದರು. ಕೇಳುತ್ತಿದ್ದ ಸ್ಟೇಷನ್‌ಗಳು ಒಂದೊಂದಾಗಿ ಮುಳುಗಿದವು. ರೇಡಿಯೋ ಕೆಟ್ಟಿತು ಅಂತ ಚಿಕ್ಕವಳು ಬ್ಯಾಟರಿ ತೆಗೆದು ಹಾಕಿದಳು. ಕೆಟ್ಟಿರಲಿಲ್ಲ. ಸೂರ್ಯನ ಮೇಲೆ ದೊಡ್ಡ ಜ್ವಾಲೆ ಎದ್ದಿತ್ತು. ಅದರ ಎಕ್ಸ್-ಕಿರಣ ಎಂಟು ನಿಮಿಷದಲ್ಲಿ ಇಲ್ಲಿಗೆ ಬಂದು ಅಯಾನುಗೋಳದ, ಅಂದರೆ ಶಾರ್ಟ್‌ವೇವ್ ಅನ್ನು ಭೂಮಿಗೆ ತಿರುಗಿಸಿ ಕಳಿಸುವ ಮೇಲಿನ ಗಾಳಿಯ ವಿದ್ಯುತ್ ಕಣಗಳ ವಲಯದ, ಕೆಳಗಿನ ಪದರವನ್ನು ದಟ್ಟ ಮಾಡುತ್ತದೆ. ಆಗ ಮೇಲಕ್ಕೆ ಹೋಗಿ ತಿರುಗಿ ಬರಬೇಕಾದ ಶಾರ್ಟ್‌ವೇವ್ ಅಲ್ಲೇ ಇಂಗಿಹೋಗುತ್ತದೆ. ಹಗಲಿರುವ ಕಡೆ ಮಾತ್ರ ಹೀಗಾಗುವುದು. ಆ ದಿನಗಳ ಸೌರ ಬಿರುಗಾಳಿಗೆ ಲಡಾಖ್‌ನ ಹಾನ್ಲೆಯಲ್ಲಿ ಆಕಾಶವೇ ಕೆಂಪಾಗಿತ್ತು. ಆದರೆ ನಮ್ಮ ತಾರಸಿಯಲ್ಲಿ ಆ ಎರಡು ಮಕ್ಕಳು ಸೂರ್ಯನನ್ನು ಕಿವಿಯಿಂದ ಕೇಳಿದರು. 30 ವರ್ಷ ಬೋರ್ಡಿನ ಮೇಲೆ ಅಯಾನುಗೋಳ ಬರೆದಿದ್ದೇನೆ. ಅಷ್ಟು ಚೆನ್ನಾಗಿ ಯಾರಿಗೂ ಅರ್ಥ ಮಾಡಿಸಿರಲಿಲ್ಲ. ಬೀದಿ ದೀಪ ಆರಿದ್ದ ಹಗಲು ಹೊತ್ತಾದ್ದರಿಂದ ಇವತ್ತೂ ಅದು ಸಾಧ್ಯ. ರಾತ್ರಿಯ ಆಕಾಶವನ್ನು ಆ ಮಕ್ಕಳಿಗೆ ತೋರಿಸುವ ಹಾಗಿಲ್ಲ.

ಇನ್ನೊಂದು ಮಾತು. 2018ರ ಆಗಸ್ಟ್‌ನಲ್ಲಿ ಪಕ್ಕದ ಕೊಡಗಿನಲ್ಲಿ ಗುಡ್ಡ ಕುಸಿದಾಗ ರಸ್ತೆ, ಕರೆಂಟ್, ಫೋನ್ ಮೂರೂ ಕಡಿದ ಊರುಗಳಿದ್ದವು. ಟವರ್ ನಿಂತರೆ ಮೊಬೈಲ್ ಬರೀ ಟಾರ್ಚು. ಬ್ಯಾಟರಿ ರೇಡಿಯೋಗೆ ಟವರ್ ಬೇಡ, ಡೇಟಾ ಬೇಡ. ಎರಡು ಮೂರು ಸೆಲ್ ಹಾಕಿದರೆ ದಿನಗಟ್ಟಲೆ ನಡೆಯುತ್ತದೆ. ಶಾರ್ಟ್‌ವೇವ್ ಆದರೆ ಸಾವಿರಾರು ಕಿಲೋಮೀಟರ್ ಆಚೆಯಿಂದ ಬರುತ್ತದೆ. ದೊಡ್ಡ ದೊಡ್ಡ ಸಂಸ್ಥೆಗಳು ಇದನ್ನು ಬಿಟ್ಟಿರುವುದು ನಿಜ. ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿಯಲ್ಲಿ ನಿಲ್ಲಿಸಿತು, ಬಿಬಿಸಿ ಹಿಂದಿ 2020ರ ಜನವರಿಯಲ್ಲಿ. ಆದರೆ ಉಕ್ರೇನ್‌ನಲ್ಲಿ ಯುದ್ಧ ಶುರುವಾದಾಗ, 2022ರ ಮಾರ್ಚ್‌ನಲ್ಲಿ, ಅದೇ ಬಿಬಿಸಿ ಅಲ್ಲಿನ ಜನಕ್ಕಾಗಿ ದಿನಕ್ಕೆ 4 ಗಂಟೆ ಶಾರ್ಟ್‌ವೇವ್ ಮತ್ತೆ ಹಚ್ಚಿತು. ಬೇಕಾದ ದಿನ ಪ್ರಸಾರ ಮತ್ತೆ ಶುರು ಮಾಡಬಹುದು. ಆದರೆ ಕೇಳುವ ಕಡೆ ಬೀದಿ ತುಂಬಾ ಗದ್ದಲ ಇದ್ದರೆ?

ಆಕಾಶವಾಣಿಯ ಶಾರ್ಟ್‌ವೇವ್ ಹೆಚ್ಚಿಸಿ ಅಂತ ನಿಮ್ಮನ್ನು ಕೇಳುವುದಿಲ್ಲ. ಅದು ದೆಹಲಿಯವರ ಕೈಯಲ್ಲಿದೆ. ಬೀದಿ ದೀಪದ ಮಾತು ನಿಮ್ಮ ಕೈಯಳತೆಯಲ್ಲಿದೆ. ದೀಪಗಳು ರೇಡಿಯೋಗೆ ಎಷ್ಟರ ಮಟ್ಟಿಗೆ ಅಡ್ಡಿ ಮಾಡಬಹುದು ಅನ್ನುವುದಕ್ಕೆ ಸಿಸ್ಪರ್ 15 ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಇದೆ. ಸಿಸ್ಪರ್ ಸಮಿತಿ ಹುಟ್ಟಿದ್ದೇ 1934ರಲ್ಲಿ, ರೇಡಿಯೋ ಕೇಳುವವರಿಗೆ ಯಂತ್ರಗಳ ಕಾಟ ತಪ್ಪಿಸಲು. ‘ಸಿಸ್ಪರ್ 15 ಪರೀಕ್ಷೆಯ ವರದಿ ಕೊಟ್ಟ ದೀಪಗಳನ್ನೇ ಒದಗಿಸಬೇಕು’ ಅಂತ ಟೆಂಡರ್‌ನಲ್ಲಿ ಒಂದು ಸಾಲು ಬರೆಸಿ. ಬಂದ ಮಾಲಿನಲ್ಲಿ ನಾಲ್ಕೈದು ದೀಪ ತೆಗೆದು, ಒಂದು ರೇಡಿಯೋ ಪಕ್ಕದಲ್ಲಿಟ್ಟು ಹಚ್ಚಿ ನೋಡಲು ಎಂಜಿನಿಯರ್‌ಗಳಿಗೆ ಹೇಳಿ. ಐದು ನಿಮಿಷದ ಕೆಲಸ. ಈಗಾಗಲೇ ಹಾಕಿರುವುದರಲ್ಲಿ ಗದ್ದಲ ಮಾಡುವವನ್ನು ರಿಪೇರಿ ಸರದಿ ಬಂದಾಗ ಬದಲಾಯಿಸಿದರೂ ಸಾಕು.

ಬೇರೆ ಊರಿನ ಶಾಸಕರಿಗೆ ಇದನ್ನು ಬರೆಯಲು ನನಗೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ಇದು ಮೈಸೂರು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟ್ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಈಗ ದೊಡ್ಡ ರಸ್ತೆಗೆ ಹಾಕುವ ಒಂದು ಎಲ್‌ಇಡಿ ದೀಪ ಅದಕ್ಕಿಂತ ಜಾಸ್ತಿ ಕರೆಂಟ್ ಉಣ್ಣುತ್ತದೆ. ಆ ಪುಟ್ಟ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಅನ್ನುವ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. ಆ ಹೆಸರು ಹುಟ್ಟಿದ ಊರಿನಲ್ಲಿ ಆಕಾಶದ ವಾಣಿ ಕೇಳಿಸಬೇಕು ಅನ್ನುವುದು ಅತಿಯಾಸೆ ಅಂತ ನನಗೆ ಅನ್ನಿಸುವುದಿಲ್ಲ.

ಬಿಡುವಾದ ಒಂದು ಸಂಜೆ ನಮ್ಮ ಬೀದಿಗೆ ಬನ್ನಿ. ಏಳು ಗಂಟೆ ಆದರೆ ಒಳ್ಳೆಯದು, ಅಷ್ಟು ಹೊತ್ತಿಗೆ ದೀಪ ಹತ್ತಿರುತ್ತದೆ. ನಿಮ್ಮ ಎಂಜಿನಿಯರ್ ಒಬ್ಬರನ್ನೂ ಕರೆದುಕೊಂಡು ಬನ್ನಿ. ರೇಡಿಯೋ ನಿಮ್ಮ ಕೈಗೇ ಕೊಡುತ್ತೇನೆ. ಎಂಟು ಕಂಬದ ಕೆಳಗೂ ನಡೆಯಿರಿ. ಯಾವ ಎರಡು ಅಂತ ನಾನು ಮೊದಲೇ ಹೇಳುವುದಿಲ್ಲ, ನಿಮ್ಮ ಕಿವಿಯೇ ಹೇಳುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮ ಕ್ಷೇತ್ರದ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ, ಮೈಸೂರು