ಸ್ಟೆಮ್ ಸೆಲ್ ವ್ಯಾಪಾರಕ್ಕೆ ಬೀಗ ಯಾವಾಗ, ಸಚಿವರೇ?

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ತಮ್ಮ ಮಲೆನಾಡಿನ ಕೊನೆಗಾರ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ‘ಎದ್ದು ನಡೆದ’ ರೋಗಿಗಳ ವಿಡಿಯೊ ತೋರಿಸಿದ ಬೆಂಗಳೂರಿನ ಕ್ಲಿನಿಕ್ಕೊಂದು, ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರಕೋಶ) ಚಿಕಿತ್ಸೆ ಎಂದು ಅವನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಬೆನ್ನಿಗೆ ಚುಚ್ಚಿ ಲಕ್ಷಗಟ್ಟಲೆ ಕಿತ್ತುಕೊಂಡಿತು. ತೋಟದ ಒಂದು ಭಾಗ ಮಾರಿ ಕಟ್ಟಿದ ಹಣ. ರಸೀದಿಯಲ್ಲಿ ಸ್ಟೆಮ್ ಸೆಲ್ ಎಂಬ ಮಾತೇ ಇಲ್ಲ. ‘ಪುನಶ್ಚೇತನ ಪ್ಯಾಕೇಜ್’ ಅಂತಿದೆ. ಕಾಲ್ಬೆರಳು ಇವತ್ತಿಗೂ ಅಲುಗಿಲ್ಲ. ಕೇಳಿದರೆ, ಇನ್ನೊಂದು ಡೋಸ್ ಬೇಕಂತೆ!

ನಿಯಮ ತಮಗೆ ನಾನು ಹೇಳಿಕೊಡಬೇಕೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಯೆಲ್ಲ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನೊಳಗೇ ನಡೆಯಬೇಕು, ರೋಗಿಯಿಂದ ಕಾಸು ಪಡೆಯುವಂತಿಲ್ಲ. ಜಪಾನಿನ ಕೇಯೊ ವಿಶ್ವವಿದ್ಯಾಲಯ ಬೆನ್ನುಹುರಿಗೆ ಐಪಿಎಸ್ ಕೋಶದಿಂದ (ಸಾಮಾನ್ಯ ಕೋಶವನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಮಾಡಿದ ಸ್ಟೆಮ್ ಸೆಲ್) ಬೆಳೆಸಿದ ನರಮೂಲ ಕೋಶ ಹಾಕಿದ್ದು ನಾಲ್ವರಿಗೆ, ಅದೂ ಪೆಟ್ಟಾದ ಕೆಲವೇ ವಾರಗಳಲ್ಲಿ. ಇಬ್ಬರಲ್ಲಿ ಸುಧಾರಣೆ ಕಂಡಿತೆಂದು 2025ರಲ್ಲಿ ಹೇಳುವಾಗಲೂ ಅವರದು ಅಳೆದು ತೂಗಿದ ಮಾತು. ಬಟ್ಟೆ ಅಂಗಡಿಯ ಮೇಲಿರುವ ಈ ಬೆಂಗಳೂರಿನ ಕ್ಲಿನಿಕ್ಕಿಗೆ ಅಂಥ ಅನುಮಾನವೇನೂ ಇಲ್ಲ. ಆ ಕ್ಲಿನಿಕ್ಕನ್ನು ಮುಚ್ಚಿಸಿ.

ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳನ್ನು ನಿಯಂತ್ರಿಸುವ ರಾಜ್ಯದ ಕೆಪಿಎಂಇ ಕಾಯ್ದೆಯಡಿ ದೂರು ಕೊಟ್ಟೆ. ‘ರೋಗಿ ಖುದ್ದಾಗಿ ಬಂದು ಹೇಳಿಕೆ ಕೊಡಬೇಕು’ ಅಂದರು. ಕಚೇರಿ ಮಹಡಿಯ ಮೇಲೆ. ಲಿಫ್ಟ್ ಇಲ್ಲ, ರ‍್ಯಾಂಪ್ ಇಲ್ಲ. ಊರಿನ ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹತ್ತಿದರು. ಮೂತ್ರದ ಚೀಲ ಮೆಟ್ಟಿಲಿನ ಕಂಬಿಗೆ ಸಿಕ್ಕಿ ಕಿತ್ತು, ಅವನ ಲುಂಗಿಯೆಲ್ಲ ಒದ್ದೆ. ಮೇಲೆ ಹೋದರೆ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಗುಮಾಸ್ತರು ನೆಲ ನೋಡಿ, ‘ಒರೆಸಿ ಹೋಗಿ’ ಅಂದರು. ಒರೆಸಿದೆ ಸ್ವಾಮಿ. ನನ್ನ ಟವೆಲಿನಲ್ಲೇ. ಬೆನ್ನು ಮುರಿದವನು ಮೆಟ್ಟಿಲು ಹತ್ತಿ ಬಂದು, ತನಗೆ ನಡೆಯೋಕಾಗಲ್ಲ ಅಂತ ಹೇಳಿಕೆ ಕೊಡಬೇಕೆಂದು ಯಾರ ಸುತ್ತೋಲೆಯಲ್ಲಿದೆ?

ಅವನಿಗೀಗ ಬೇಕಿರುವುದು ಪವಾಡವಲ್ಲ. ಹಾಸಿಗೆ ಹುಣ್ಣಾಗದಂಥ ಗಾಳಿಹಾಸಿಗೆ, ತಿಂಗಳಿಗೆ ಸಾಲುವಷ್ಟು ಕ್ಯಾಥೆಟರ್, ತಾಲ್ಲೂಕು ಆಸ್ಪತ್ರೆಯಲ್ಲಿ ಕೈಗೆ ಸಿಗುವ ಒಬ್ಬ ಫಿಸಿಯೋಥೆರಪಿಸ್ಟ್. ಇಷ್ಟು ಕೇಳಿದರೆ ‘ಅನುದಾನ ಇಲ್ಲ’.

ಕ್ಲಿನಿಕ್ಕಿನ ನೋಂದಣಿ ರದ್ದು ಮಾಡಿಸಿ, ಅದರ ಜಾಹೀರಾತು ನಿಲ್ಲಿಸಿ, ನಮ್ಮ ಹಣ ವಾಪಸ್ ಕೊಡಿಸಿ. ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ನನ್ನ ಬಳಿ ಆಗಲೇ ಇದೆ, ಅದನ್ನು ಮತ್ತೆ ಕಳಿಸಬೇಡಿ. ಮುಚ್ಚಿಸಿದ ಆದೇಶದ ಪ್ರತಿ ಕಳಿಸಿ.

ಇಂತಿ,
ನೊಂದ ಅಣ್ಣ