ಕಥೆ ಹೆಣೆಯುವ ಕೆಲಸ ಮಕ್ಕಳಿಗೇ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಪಾಠವನ್ನು ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಕೊಟ್ಟು ಅದನ್ನು ಕಥೆಯಾಗಿ ಮಾಡಿಸಿಕೊಂಡು ಓದುವ ರೂಢಿ ಈಗ ನಮ್ಮ ಪ್ರೌಢಶಾಲೆಗಳಿಗೂ ಬಂದಿದೆ. ಓದುವ ಹುಡುಗ ಅಥವಾ ಹುಡುಗಿಯೇ ಕಥೆಯ ಪಾತ್ರ. ಅಲ್ಲಲ್ಲಿ ಕಥೆ ನಿಂತು ‘ಈಗ ಏನು ಮಾಡುತ್ತೀಯ?’ ಎಂದು ಕೇಳುತ್ತದೆ, ಆರಿಸಿದ ಉತ್ತರಕ್ಕೆ ತಕ್ಕಂತೆ ಮುಂದೆ ಸಾಗುತ್ತದೆ. ಎಸ್‌ಎಸ್‌ಎಲ್‌ಸಿ ಮಕ್ಕಳು ಸಂಜೆ ಅಪ್ಪನ ಮೊಬೈಲ್ ಕೈಗೆ ಸಿಕ್ಕಾಗ ಇದನ್ನು ಮಾಡುತ್ತಾರೆ, ಶಿಕ್ಷಕರಾದ ನಾವೂ ಕೆಲವರು ಮಾಡುತ್ತಿದ್ದೇವೆ. ಧಾರವಾಡ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಈ ಬಗ್ಗೆ ತಕರಾರಿಲ್ಲ. ತಕರಾರಿರುವುದು, ಕಥೆಯಾಗಿ ಓದಿದ್ದೆಲ್ಲ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ ಎಂಬ ನಂಬಿಕೆಯ ಬಗ್ಗೆ.

ಕಥೆಗೂ ನೆನಪಿಗೂ ನಂಟಿದೆ ಎಂಬುದೇನೋ ನಿಜ. 1969ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಾರ್ಡನ್ ಬೋವರ್ ಮತ್ತು ಕ್ಲಾರ್ಕ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ತಲಾ ಹತ್ತು ಪದಗಳ ಹನ್ನೆರಡು ಪಟ್ಟಿಗಳನ್ನು ಕೊಟ್ಟು ಕಲಿಯಲು ಹೇಳಿದರು. ಪದಗಳನ್ನು ಪೋಣಿಸಿ ಕಥೆ ಕಟ್ಟಿಕೊಂಡವರು ಕೊನೆಯಲ್ಲಿ ಶೇ 93ರಷ್ಟನ್ನು ನೆನಪಿಸಿಕೊಂಡರೆ, ಸುಮ್ಮನೆ ಉರು ಹೊಡೆದವರಿಗೆ ನೆನಪಾದದ್ದು ಶೇ 13ರಷ್ಟು ಮಾತ್ರ. ಕಥೆಯ ಮೂಲಕ ಕಲಿಕೆ ಎಂದು ಉತ್ಸಾಹದಿಂದ ಮಾತಾಡುವವರು ಮರೆಯುವ ಸಂಗತಿಯೊಂದು ಇಲ್ಲಿದೆ: ಆ ಕಥೆಗಳನ್ನು ಯಾರೂ ಆ ವಿದ್ಯಾರ್ಥಿಗಳಿಗೆ ಬರೆದು ಕೊಟ್ಟಿರಲಿಲ್ಲ, ಅವರೇ ಹೆಣೆದಿದ್ದರು. ಯಂತ್ರ ಕ್ಷಣಾರ್ಧದಲ್ಲಿ ಕಥೆ ಹೆಣೆದುಕೊಟ್ಟಾಗ ತಪ್ಪಿಹೋಗುವುದು ಆ ಹೆಣೆಯುವ ಕಷ್ಟವೇ, ಮತ್ತು ನೆನಪಿಗೆ ಬಹುಪಾಲು ಬಲ ಬರುವುದು ಆ ಕಷ್ಟದಿಂದಲೇ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಪೂರಕವಾದ ಇನ್ನೊಂದು ಪ್ರಯೋಗವನ್ನು ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಗದ್ಯಭಾಗವೊಂದನ್ನು ಕೆಲವರು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನು ಕೆಲವರು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಅದನ್ನು ಬದಿಗಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಬರೀ ಓದಿದವರದೇ ಮೇಲುಗೈ. ಒಂದು ವಾರ ಕಳೆಯುವ ಹೊತ್ತಿಗೆ ಓದಿದವರಲ್ಲಿ ಸುಮಾರು ಶೇ 40ರಷ್ಟು ಉಳಿದಿದ್ದರೆ, ನೆನಪಿನಿಂದ ಬರೆದವರಲ್ಲಿ ಶೇ 61ರಷ್ಟು ಉಳಿದಿತ್ತು. ಆ್ಯಪ್‌ನ ಕಥೆ ಓದಿ ಮುಗಿಸಿದ ಮಗು ‘ಎಲ್ಲಾ ತಿಳೀತು ಟೀಚರ್’ ಎಂದು ಕಣ್ಣರಳಿಸಿ ಹೇಳುವುದು ಆ ಐದು ನಿಮಿಷದ ಮಾತು. ನಮಗೆ ಬೇಕಾದದ್ದು ಮಾರ್ಚ್ ತಿಂಗಳಲ್ಲಿ ಉತ್ತರ ಪತ್ರಿಕೆಯ ಮುಂದೆ ಕುಳಿತಾಗಿನ ಮಾತು.

ಹಾಗಾಗಿ ಕಥೆಯ ತಿರುವುಗಳಲ್ಲಿ ಏನನ್ನು ಕೇಳಲಾಗುತ್ತದೆ ಎಂಬುದನ್ನು ನೋಡಬೇಕು. ‘ಎಡಗಡೆಯ ಬಾಗಿಲೋ ಬಲಗಡೆಯ ಬಾಗಿಲೋ’ ಎಂದು ಕೇಳುವ ತಿರುವಿನಲ್ಲಿ ಪಾಠದ ತಿಳಿವಳಿಕೆ ಬೇಕಿಲ್ಲ, ಬೆರಳಿದ್ದರೆ ಸಾಕು. ಇದಕ್ಕೆ ಹೋಲಿಸಿದರೆ ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ಜೀರ್ಣಕ್ರಿಯೆಯ ಪಾಠಕ್ಕೆ ಮಾಡಿಸಿದ ಕಥೆ ಬೇರೆಯೇ ರೀತಿಯದು. ಅದರಲ್ಲಿ ಓದುವ ಮಗು ಜೋಳದ ರೊಟ್ಟಿಯ ಒಂದು ತುತ್ತು. ಬಾಯಿಯಲ್ಲಿ ಜೊಲ್ಲುರಸ ಸೇರಿದಾಗ ‘ನಿನ್ನಲ್ಲಿರುವ ಯಾವ ಅಂಶ ಈಗ ಒಡೆಯುತ್ತಿದೆ, ಯಾವ ಕಿಣ್ವದಿಂದ?’ ಎಂದು ಕಥೆ ನಿಲ್ಲುತ್ತದೆ. ಪಿಷ್ಟ, ಅಮೈಲೇಸ್ ಎಂದು ಬರೆಯುವವರೆಗೆ ಗಂಟಲಿನಿಂದ ಕೆಳಗಿಳಿಯುವಂತಿಲ್ಲ. ಜಠರದಲ್ಲಿ ಪೆಪ್ಸಿನ್, ಸಣ್ಣ ಕರುಳಿನ ಆರಂಭದಲ್ಲಿ ಪಿತ್ತರಸ ಮತ್ತು ಮೇದೋಜ್ಜೀರಕ ರಸ, ಕೊನೆಗೆ ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಬೆರಳಿನಂಥ ಚಾಚುಗಳಾದ ವಿಲ್ಲೈಗಳ ಮೂಲಕ ರಕ್ತಕ್ಕೆ ಸೇರುವುದು, ಹೀಗೆ ಒಂದೊಂದು ಹಂತಕ್ಕೂ ಮಗು ಪುಸ್ತಕ ತೆರೆಯದೆ ಉತ್ತರ ಬರೆಯಬೇಕು. ಅವರು ಆ್ಯಪ್‌ಗೆ ಕೊಟ್ಟ ಸೂಚನೆಯೂ ಸರಳವಾಗಿತ್ತು: ಆಯ್ಕೆಗಳನ್ನು ಕೊಡಬೇಡ, ಉತ್ತರ ಬರೆಯಿಸು, ತಪ್ಪಾದರೆ ಕಾರಣ ಹೇಳು, ಅದೇ ಪ್ರಶ್ನೆಯನ್ನು ಸ್ವಲ್ಪ ಮುಂದೆ ಇನ್ನೊಂದು ಬಗೆಯಲ್ಲಿ ಮತ್ತೆ ಕೇಳು. ಕಥೆಯ ಸೊಗಸು ಇಲ್ಲಿ ಕಡಿಮೆಯೇ. ಆದರೆ ಕಲಿಯುವ ಕೆಲಸವನ್ನು ಮಗುವಿನಿಂದಲೇ ಮಾಡಿಸುತ್ತದೆ.

ನನ್ನ ವಿಷಯಕ್ಕೆ ಬಂದರೆ ತೊಡಕು ಹೆಚ್ಚು. ಕಿತ್ತೂರಿನ ಪಾಠಕ್ಕೆ ಹೀಗೇ ಒಂದು ಕಥೆ ಮಾಡಿಸಿದಾಗ ಅದರಲ್ಲಿ ಡಾಲ್‌ಹೌಸಿಯ ಆಜ್ಞಾಪತ್ರವೊಂದು ಕಿತ್ತೂರಿಗೆ ಬಂದು ತಲುಪಿತು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಕದನ ನಡೆದ 1824ರಲ್ಲಿ ಆತ ಹನ್ನೆರಡು ವರ್ಷದ ಹುಡುಗ. ಕಿತ್ತೂರಿನ ದತ್ತು ಮಗನನ್ನು ಬ್ರಿಟಿಷರು ಒಪ್ಪದಿದ್ದುದು, ಮುಂದೆ ಡಾಲ್‌ಹೌಸಿ ದತ್ತು ಮಕ್ಕಳಿಗೆ ರಾಜ್ಯದ ಹಕ್ಕನ್ನು ನಿರಾಕರಿಸಿದ್ದು, ಹೀಗೆ ದತ್ತು ಎಂಬ ಒಂದೇ ಎಳೆ ಎರಡೂ ಕಡೆ ಇರುವುದರಿಂದ ಯಂತ್ರ ಎರಡನ್ನೂ ಗಂಟು ಹಾಕಿತ್ತು, ಅದೂ ಒಂದಿಷ್ಟೂ ಅನುಮಾನವಿಲ್ಲದ ಧಾಟಿಯಲ್ಲಿ. ಪಾಠ ಗೊತ್ತಿದ್ದ ನನಗೆ ಇದು ಕಣ್ಣಿಗೆ ಬಿತ್ತು. ಮೊದಲ ಸಲ ಓದುವ ಮಗುವಿಗೆ ಹೇಗೆ ಬೀಳಬೇಕು?

ಇಂಥ ತಪ್ಪನ್ನಾದರೂ ತಿದ್ದಬಹುದು. ಅದಕ್ಕಿಂತ ಕಷ್ಟವಾದದ್ದು ಕಥೆಯ ಕವಲುಗಳದು. ‘ನೀವು ರಾಣಿಯ ದಿವಾನರು, ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯ ಸೈನ್ಯ ಕೋಟೆಯ ಬಾಗಿಲಲ್ಲಿದೆ, ಏನು ಸಲಹೆ ಕೊಡುತ್ತೀರಿ?’ ಎಂಬ ಪ್ರಶ್ನೆಗೆ ರಾಣಿಯನ್ನು ಸುರಂಗದ ಮೂಲಕ ಪಾರುಮಾಡುವ ಆಯ್ಕೆಯೂ ಇತ್ತು. ಅದನ್ನು ಆರಿಸಿದ ಹುಡುಗನೊಬ್ಬ ಘಟಕ ಪರೀಕ್ಷೆಯಲ್ಲಿ ಚೆನ್ನಮ್ಮನವರು ಸುರಂಗದಿಂದ ತಪ್ಪಿಸಿಕೊಂಡರೆಂದೇ ಬರೆದ. ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಹತನಾದದ್ದು, ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ವಶವಾದದ್ದು, ಸೆರೆಯಾದ ರಾಣಿ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡದ್ದು ಇವೆಲ್ಲ ಅವನು ಓದಿದ್ದ ಪುಟಗಳಲ್ಲೇ ಇದ್ದವು. ಆದರೆ ತಾನೇ ಆರಿಸಿ, ತಾನೇ ನಡೆದ ದಾರಿ ಅವನಿಗೆ ಅದಕ್ಕಿಂತ ಗಟ್ಟಿಯಾಗಿ ನೆನಪಾಯಿತು. ಅಂದರೆ ಕಥೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು, ನಡೆಯದೇ ಇದ್ದುದರ ಮೇಲೆ ಮಾಡಿತ್ತು ಅಷ್ಟೆ. ಜೀರ್ಣಕ್ರಿಯೆಯಲ್ಲಿ ತಪ್ಪು ದಾರಿಗೆ ಕಥೆ ಬಾಗಿಲು ಹಾಕಬಹುದು. ಇತಿಹಾಸದಲ್ಲಿ ತಪ್ಪು ದಾರಿಯೇ ಹೆಚ್ಚು ರೋಚಕವಾಗಿರುತ್ತದೆ. ಆದ್ದರಿಂದ ಇತಿಹಾಸದ ಪಾಠಗಳಲ್ಲಿ ಕವಲೊಡೆಯುವ ಕಥೆ ಬೇಡವೆಂದೇ ನನ್ನ ನಿಲುವು. ತಿರುವಿನಲ್ಲಿ ‘ಏನು ಮಾಡುತ್ತೀರಿ’ ಎನ್ನುವ ಬದಲು ‘ಅವರು ಏನು ಮಾಡಿದರು, ಯಾಕೆ’ ಎಂದು ಕೇಳಲಿ. ಹಾಗಾಗದೆ ಹೀಗಾಗಿದ್ದರೆ ಎಂಬ ಚರ್ಚೆ ಪಾಠವೆಲ್ಲ ಮುಗಿದ ಮೇಲೆ ತರಗತಿಯಲ್ಲಿ, ಶಿಕ್ಷಕರ ಎದುರು ನಡೆಯಲಿ.

ಮಕ್ಕಳು ಮನೆಯವರ ಫೋನ್ ನಂಬರ್ ಕೊಟ್ಟು ಇಂಥ ಆ್ಯಪ್‌ಗಳಲ್ಲಿ ತಾವೇ ಖಾತೆ ತೆರೆಯುವುದೂ ಸರಿಯಲ್ಲ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಶಿಕ್ಷಕರು ಕಥೆ ಮಾಡಿಸಿ, ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಿದ್ದಿ, ಝೆರಾಕ್ಸ್ ಮಾಡಿಸಿ ಹಂಚಿದರೆ ಮೊಬೈಲಿಲ್ಲದ ಮನೆಯ ಮಗುವಿಗೂ ಅದು ಸಿಗುತ್ತದೆ. ಉತ್ತರ ಬರೆಯಲು ಜಾಗ ಬಿಟ್ಟು, ಸರಿ ಉತ್ತರವನ್ನು ಹಾಳೆಯ ಹಿಂಬದಿಗೆ ಹಾಕಿದರಾಯಿತು.

ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯವರಲ್ಲಿ ನನ್ನ ಕೋರಿಕೆ ಎರಡು. ವಿಷಯ ಶಿಕ್ಷಕರು ಓದಿ ತಿದ್ದಿದ ಇಂಥ ಕಥೆಗಳನ್ನು, ಮೊದಲಿಗೆ ಹತ್ತನೆಯ ತರಗತಿಯ ವಿಜ್ಞಾನ ಪಾಠಗಳಿಗಾದರೂ, ದೀಕ್ಷಾ ಪೋರ್ಟಲ್‌ನಲ್ಲಿ ಹಾಕಲಿ. ಅದಕ್ಕಿಂತ ಮುಖ್ಯವಾಗಿ, ಶಿಕ್ಷಕರ ತರಬೇತಿಯಲ್ಲಿ ಈ ಕೆಲಸವನ್ನು ತಿರುಗಿಸಿ ಮಾಡುವುದನ್ನು ಕಲಿಸಲಿ: ಪಾಠದ ಕಥೆಯನ್ನು ಮಕ್ಕಳೇ ಗುಂಪಿನಲ್ಲಿ ಕುಳಿತು ಬರೆಯಲಿ, ಆ್ಯಪ್ ಅದನ್ನು ಓದಿ ಎಲ್ಲಿ ಹಂತ ಬಿಟ್ಟುಹೋಗಿದೆ, ಎಲ್ಲಿ ಕಾರಣ ಹೇಳಿಲ್ಲ ಎಂದು ಪ್ರಶ್ನೆ ಕೇಳಲಿ, ಆ ಪ್ರಶ್ನೆಗಳಲ್ಲಿ ಯಾವುದು ಸರಿ, ಯಾವುದು ಅಲ್ಲ ಎಂಬುದನ್ನು ಶಿಕ್ಷಕರು ನೋಡಲಿ. ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಇದು ಮುಗಿಯುವುದಿಲ್ಲ, ಆದ್ದರಿಂದ ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ಎರಡು ಅವಧಿಗಳನ್ನು ಜೋಡಿಸಿಕೊಳ್ಳಲು ಮುಖ್ಯ ಶಿಕ್ಷಕರಿಗೆ ಅವಕಾಶ ಕೊಡಬೇಕೆಂದು ವಿನಂತಿ.

– ಪ್ರೌಢಶಾಲಾ ಶಿಕ್ಷಕಿ, ಧಾರವಾಡ ಜಿಲ್ಲೆ