ಗೆಳೆಯನಿಗೊಂದು ಪತ್ರ: ಅಕ್ಕನ ತಡ್ಪೆ

ಪ್ರೀತಿಯ ಗೆಳೆಯಾ,

ಅಕ್ಕನ ಮಗಳನ್ನು ಎಲ್ಲಿಗೆ ಸೇರಿಸ್ತೀರಿ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಆಗ ಮಾತು ತೇಲಿಸಿಬಿಟ್ಟೆ. ಅವಳಿಗೆ ಬೆಂಗಳೂರಿಗೆ ಹೋಗಿ ಓದಬೇಕು ಅಂತ ಆಸೆ. "ಇಲ್ಲೇ ಹತ್ತಿರ ಕಾಲೇಜು ಇದೆಯಲ್ಲ, ಐದು ಗಂಟೆ ಬಸ್ಸಿಗೆ ಮನೆಗೆ ಬರಬಹುದು" ಎಂದವನು ಬೇರೆ ಯಾರೂ ಅಲ್ಲ ಮಾರಾಯ, ನಾನೇ. ನಾನು ಊರು ಬಿಟ್ಟು ಓದಲು ಹೊರಟಾಗ ಯಾರೂ ಬಸ್ಸಿನ ಟೈಮ್ ಕೇಳಿರಲಿಲ್ಲ.

ಅಕ್ಕ ತುಟಿ ಬಿಚ್ಚಲಿಲ್ಲ. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲೆ ತಡ್ಪೆ, ನಮ್ಮ ಕಡೆಯ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಚಿಟಿಕೆ ಹೊಗೆಸೊಪ್ಪು. ಸುತ್ತಿ ನೂಲು ಬಿಗಿಯುವಷ್ಟರಲ್ಲಿ ಇನ್ನೊಂದು ಎಲೆ ಬೆರಳಿಗೆ ಬಂದಿರುತ್ತೆ. ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ನಾಲ್ಕು ಬೀಡಿ ಸರಿ ಇಲ್ಲ ಅಂತ ಬದಿಗೆ ಹಾಕಿದರೆ ಅಷ್ಟು ದುಡಿಮೆ ಹೋಯ್ತು. ಅವಳ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ನನ್ನ ಫೀಸು ಬಂದದ್ದು ಆ ತಡ್ಪೆಯಿಂದ.

ಅಂಥ ನಾನು ಕಾಲೇಜಿನಲ್ಲಿ ನಿನಗೆ ಏನಂದಿದ್ದೆ? "ನಿಂಗೇನು, ಕೋಟಾ ಉಂಟು. ನಮ್ದು ಮೆರಿಟ್." ನನ್ನ ಫಾರಂನಲ್ಲೂ 2ಎ, ಹಿಂದುಳಿದ ವರ್ಗದ ಮೀಸಲಾತಿ, ಅಂತ ಬರೆದಿತ್ತು, ಅದು ಮಾತ್ರ ನೆನಪಾಗಲಿಲ್ಲ ನೋಡು! ನಿನ್ನ ಸ್ಕಾಲರ್‌ಶಿಪ್ ಬಂದಿಲ್ಲ ಅಂತ ಆಫೀಸಿನ ಕಿಟಕಿಯಿಂದ ಎಲ್ಲರೆದುರು ನಿನ್ನ ಹೆಸರು ಕೂಗಿದ್ದು ಅದೇ ವಾರ. ನಿನ್ನ ತಂಗಿ ಗೇರುಬೀಜದ ಫ್ಯಾಕ್ಟರಿಗೆ ಸೇರಿದ್ದೂ ಅದೇ ವರ್ಷ ಅಲ್ವಾ? ಚಹಾ ಕೊಡುವಾಗ ಅವಳ ಬೆರಳು ಸೊನೆಗೆ ಕಪ್ಪಾಗಿದ್ದು ಕಂಡಿತ್ತು. ನಾನು ಕೇಳಲಿಲ್ಲ.

ಹುಡುಗಿಯರೇ ಈಗ ಮುಂದೆ ಅಂತ ನಿನ್ನ ಹತ್ತಿರ ವಾದ ಮಾಡಿದ್ದೆ. ಸುಳ್ಳಲ್ಲ. 2021-22ರ ಅಖಿಲ ಭಾರತ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣದ ದಾಖಲಾತಿ ಪ್ರಮಾಣ ಹುಡುಗಿಯರದ್ದು ಶೇ. 28.5, ಹುಡುಗರದ್ದು 28.3. ಆದರೆ ಪರಿಶಿಷ್ಟ ಜಾತಿಯವರದ್ದು 25.9, ಪಂಗಡದವರದ್ದು 21.2. ಅದನ್ನು ನಾನು ಓದಿ ಹೇಳಿರಲಿಲ್ಲ. ಐದು ಗಂಟೆ ಬಸ್ಸಿಗಾಗಿ ಬಿಟ್ಟುಕೊಟ್ಟ ಸೀಟು ಈ 28.5ರಲ್ಲಿ ಕಾಣುವುದೂ ಇಲ್ಲ.

ನೀನು ಹೊಸ ಕಾರು ತಂದ ದಿನ ನಾನು ಕುದ್ಮುಲ್ ರಂಗರಾಯರ ಮಾತು ಎತ್ತಿದ್ದೆ. 1892ರಲ್ಲೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದವರು. ಆ ಮಕ್ಕಳು ಓದಿ, ಕಾರಿನಲ್ಲಿ ಓಡಾಡುವಾಗ ಏಳುವ ದೂಳು ತನ್ನ ತಲೆಗೆ ತಾಗಲಿ ಅಂತ ಬಯಸಿದವರು. ನನ್ನ ಗಂಟಲು ಕಟ್ಟಿತ್ತು. ನೀನು ಮಾತ್ರ "ತಂಗಿಗೆ ಇವತ್ತೂ ರಜೆ ಸಿಗಲಿಲ್ಲ" ಅಂದೆ.

ಶುಕ್ರವಾರ ರಾತ್ರಿ ಬಸ್ಸಿಗೆ ಹುಡುಗಿಯ ಜೊತೆ ಹೋಗಿ ಹಾಸ್ಟೆಲ್ ನೋಡಿ ಬರುತ್ತೇನೆ. ಅಕ್ಕನನ್ನೂ ಕರೆದೆ. ಶನಿವಾರ ಬೀಡಿ ಕೊಡ್ಲಿಕ್ಕುಂಟು ಅಂದಳು.

ನಿನ್ನ
ಹಳೇ ಬೆಂಚಿನವ